ಕಾಲುದಾರಿಗಳ ಮಾಹಿತಿಯನ್ನು ಪರಿಶೀಲಿಸುವ ಬಗೆ: ಬಾದಾಮಿಯಿಂದ ಭೀಮಗಡದವರೆಗೆ

ಓಪನ್‌ಸ್ಟ್ರೀಟ್‌ಮ್ಯಾಪ್‌ನಂತಹ ಮುಕ್ತ ನಕ್ಷೆಗೆ ಯಾರು ಬೇಕಾದರೂ ಕಾಲುದಾರಿಯೊಂದನ್ನು ಸೇರಿಸಬಹುದು, ಇನ್ನೊಬ್ಬರು ಸೇರಿಸಿದ್ದನ್ನು ತಿದ್ದಲೂಬಹುದು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಾದಿಗಳನ್ನು ನೋಡಿಕೊಳ್ಳಲು ಮುಂದಾಗುವವರು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳಿಕೊಳ್ಳಬೇಕು: ಹಾದಿ ನೆಲದ ಮೇಲೆ ಇದೆಯೇ, ಇದ್ದರೆ ಅದರಲ್ಲಿ ನಡೆಯಲು ಅನುಮತಿ ಇದೆಯೇ? ನಕ್ಷೆಯ ಮೇಲಿನ ತಂಟೆಗಳಲ್ಲಿ ಹೆಚ್ಚಿನವು ಇವೆರಡನ್ನು ಕಲಸಿಬಿಡುವುದರಿಂದಲೇ ಹುಟ್ಟುತ್ತವೆ.

ಮೊದಲನೆಯ ಪ್ರಶ್ನೆಗೆ ಉಪಗ್ರಹ ಚಿತ್ರವೊಂದೇ ಉತ್ತರ ಕೊಡಲಾರದು. ಬಾದಾಮಿಯ ಮರಳುಗಲ್ಲಿನ ಗುಡ್ಡಗಳಲ್ಲಿ ಬರಿಯ ಬಂಡೆಯ ಮೇಲೆ ಹೆಜ್ಜೆಯ ಜಾಡು ಮೂಡುವುದಿಲ್ಲ. ಆದರೆ ಕುರಿಗಳು ಓಡಾಡಿದ ಜಾಡು, ಮಳೆನೀರು ಕೊರೆದ ಕೊರಕಲು ಮೇಲಿನಿಂದ ದಾರಿಯಂತೆಯೇ ಕಾಣುತ್ತವೆ. ಜಿಪಿಎಸ್ ದಾಖಲೆಯೂ ಅಲ್ಲಿ ಮೋಸ ಮಾಡುವುದುಂಟು, ಏಕೆಂದರೆ ಕಡಿದಾದ ಬಂಡೆಗಳ ನಡುವಿನ ಸಂದಿಯಲ್ಲಿ ಸಂಕೇತಗಳು ಗೋಡೆಗೆ ಬಡಿದು ತಿರುಗಿ ಬರುವುದರಿಂದ ಗೆರೆ ಅತ್ತಿತ್ತ ಜಿಗಿಯುತ್ತದೆ. ಬೇರೆ ಬೇರೆಯವರ ಕೆಲವು ದಾಖಲೆಗಳನ್ನು ಒಂದರ ಮೇಲೊಂದಿಟ್ಟು ನೋಡಿ, ಅವು ಕೂಡಿಬರುವ ಕಡೆ ಮಾತ್ರ ಗೆರೆಯನ್ನು ನಂಬಬೇಕು. ಆ ಗುಡ್ಡದಲ್ಲಿ ಕುರಿ ಕಾಯುವವರನ್ನು ಕೇಳಿದರೆ ಅರ್ಧ ಕೆಲಸ ಮುಗಿದಂತೆ.

ಎರಡನೆಯ ಪ್ರಶ್ನೆಗೆ ಖಾನಾಪುರ ತಾಲ್ಲೂಕಿನ ಭೀಮಗಡ ಒಳ್ಳೆಯ ನಿದರ್ಶನ. 2011ರಲ್ಲಿ ವನ್ಯಜೀವಿ ಧಾಮವಾದ ಈ ಕಾಡಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುವುದರಿಂದ ಹೊರಗಿನವರು ಅನುಮತಿಯಿಲ್ಲದೆ ಒಳಗೆ ಹೋಗುವಂತಿಲ್ಲ. ಅಲ್ಲಿನ ಹಾದಿ ಕಂಡ ಕೂಡಲೇ ಅಳಿಸಿಹಾಕಬೇಕೆಂದು ಹೊಸಬರಿಗೆ ಅನ್ನಿಸುತ್ತದೆ. ಅಳಿಸಿದರೆ ಆಗುವುದಿಷ್ಟೆ: ಮತ್ತೊಬ್ಬರು ಉಪಗ್ರಹ ಚಿತ್ರ ನೋಡಿ ಅದೇ ಹಾದಿಯನ್ನು ಯಾವ ಎಚ್ಚರಿಕೆಯೂ ಇಲ್ಲದೆ ಪುನಃ ಬರೆಯುತ್ತಾರೆ. ಗೆರೆಯನ್ನು ಉಳಿಸಿ, ಪ್ರವೇಶದ ಬಗ್ಗೆ ಹೇಳುವ ‘ಆ್ಯಕ್ಸೆಸ್’ ಟ್ಯಾಗ್‌ನಲ್ಲಿ (ಟ್ಯಾಗ್ ಎಂದರೆ ಗೆರೆಗೆ ಅಂಟಿಸುವ ವಿವರದ ಚೀಟಿ) ‘ನೋ’ (ಪ್ರವೇಶವಿಲ್ಲ) ಅಥವಾ ‘ಪರ್ಮಿಟ್’ (ಅನುಮತಿ ಬೇಕು) ಎಂದು ನಮೂದಿಸುವುದೇ ಸರಿಯಾದ ಕ್ರಮ. ನೆಲದ ಮೇಲೆಯೇ ಅಳಿದುಹೋದ ಹಾದಿಯನ್ನು ಮಾತ್ರ ತೆಗೆಯಬಹುದು. ಆದರೆ ಅಪರೂಪದ ರಾಟನ್ ಬಾವಲಿಗಳಿಗೆ ಆಶ್ರಯವಾದ ಬಾರಾಪೇಡೆ ಗುಹೆಗಳಂತಹ ಜಾಗಕ್ಕೆ ಹೊಸ ಹಾದಿ ಗುರುತಿಸಲು ಯಾರಾದರೂ ಹೊರಟರೆ, ನಿಯಮ ಏನೇ ಇರಲಿ, ಬೇಡವೆಂದು ತಿಳಿಹೇಳುವುದೇ ಮೇಲು ಎಂಬುದು ನನ್ನ ಅಭಿಪ್ರಾಯ.

ದಿನಾಂಕವಿಲ್ಲದ ವಿವರಣೆಗೆ ಬೆಲೆ ಕಡಿಮೆ. ಬೇಸಿಗೆಯಲ್ಲಿ ‘ಸುಲಭವಾಗಿ ದಾಟಬಹುದು’ ಎಂದು ಬರೆದ ಹಳ್ಳವು ಜುಲೈನಲ್ಲಿ ಎದೆಮಟ್ಟ ಹರಿಯಬಹುದು. ಪರಿಶೀಲಿಸಿದ ದಿನವನ್ನು ‘ಚೆಕ್ ಡೇಟ್’ ಟ್ಯಾಗ್‌ನಲ್ಲಿ ಬರೆಯುವಂತೆ ಎಲ್ಲರಿಗೂ ಹೇಳಬೇಕು.

ಖಾನಾಪುರದ ಕಡೆ ಊರು, ಹಳ್ಳಗಳಿಗೆ ಕನ್ನಡ, ಮರಾಠಿ ಎರಡರಲ್ಲೂ ಹೆಸರಿರುವುದರಿಂದ ಹೆಸರನ್ನು ಮತ್ತೆ ಮತ್ತೆ ಬದಲಿಸುವ ಕಾದಾಟ ನಡೆಯುವುದುಂಟು. ಆಯಾ ಭಾಷೆಯ ಹೆಸರನ್ನು ಅದರದರ ಟ್ಯಾಗ್‌ನಲ್ಲಿ ಇಟ್ಟರೆ ಅರ್ಧ ಕಾವು ಇಳಿಯುತ್ತದೆ.

ತಪ್ಪು ಕಂಡಾಗ ಬರೆದವರಿಗೆ ಅವರ ಚೇಂಜ್‌ಸೆಟ್‌ನ (ಒಟ್ಟಿಗೆ ಸೇರಿಸಿದ ಬದಲಾವಣೆಗಳ ಕಂತಿನ) ಕೆಳಗೆ, ‘ಈ ಹಾದಿಯಲ್ಲಿ ತಾವು ಯಾವಾಗ ನಡೆದಿರಿ, ಫಲಕವೇನಾದರೂ ಇತ್ತೇ’ ಎಂದು ಕೇಳಬೇಕು; ಆರೋಪದ ದನಿ ಬೇಡ. ಉತ್ತರಕ್ಕಾಗಿ ಕೆಲವು ದಿನ ಕಾಯುವುದು ಮರ್ಯಾದೆ. ಆದರೆ ಬಾದಾಮಿಯಲ್ಲಿ ಹಗ್ಗ ಕಟ್ಟಿ ಬಂಡೆ ಏರುವವರ ಮಾರ್ಗವನ್ನು ಯಾರಾದರೂ ಸಾಮಾನ್ಯ ಕಾಲುದಾರಿಯೆಂದು ಗುರುತಿಸಿದ್ದರೆ ಕಾಯಬಾರದು. ಮೊದಲು ತಿದ್ದಿ, ಕಾರಣವನ್ನು ಆಮೇಲೆ ಬರೆಯಬೇಕು.