ಟಿಪ್ಪಣಿ ಹಾಕಬೇಕೋ, ಪುಟವನ್ನೇ ತಿದ್ದಬೇಕೋ: ಪಿಎಚ್‌ಪಿ ಕೈಪಿಡಿಗೆ ಬರೆಯುವ ಬಗೆ

ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಆನ್‌ಲೈನ್ ಕೈಪಿಡಿಯ ಪುಟಗಳ ಕೆಳಗೆ ಬಳಕೆದಾರರ ಟಿಪ್ಪಣಿಗಳಿರುತ್ತವೆ. ಅಲ್ಲಿಂದ ಕೋಡ್ ಎತ್ತಿಕೊಳ್ಳುವವರು ಬಹಳ, ಬರೆಯುವವರು ಕಡಿಮೆ. ಬರೆಯುವಾಗ ನಾನು ಅನುಸರಿಸುವ ಕ್ರಮವನ್ನು ‘ಸ್ಟ್ರ್_ಪ್ಯಾಡ್’ ಎಂಬ ಒಂದೇ ಫಂಕ್ಷನ್ ಹಿಡಿದು ಹೇಳುತ್ತೇನೆ. ಪದವು ಕೊಟ್ಟ ಅಗಲಕ್ಕೆ ತುಂಬುವಷ್ಟು ಖಾಲಿ ಜಾಗ ಸೇರಿಸುವುದು ಅದರ ಕೆಲಸ. ತಿಪಟೂರಿನ ಕೊಬ್ಬರಿ ಮಂಡಿ ಬಿಲ್ಲಿನಲ್ಲಿ ಊರಿನ ಹೆಸರಿನ ಕಾಲಂ ನೆಟ್ಟಗೆ ನಿಲ್ಲದಿರುವುದಕ್ಕೆ ಇದೇ ಕಾರಣ.

ಕಾಲಂ ಅಗಲ 20 ಇಡಿ. ‘ತುಮಕೂರು’ ಕೊಟ್ಟರೆ ಒಂದು ಖಾಲಿ ಜಾಗವೂ ಸೇರುವುದಿಲ್ಲ. ‘ಗುಬ್ಬಿ’ಗೆ ಎರಡು ಸೇರುತ್ತವೆ, ‘ಕೋಲಾರ’ಕ್ಕೆ ಐದು. ಈ ಫಂಕ್ಷನ್ ಎಣಿಸುವುದು ಬೈಟ್‌ಗಳನ್ನು, ಅಕ್ಷರಗಳನ್ನಲ್ಲ. ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟಿಗೂ, ಅಂದರೆ ಯೂನಿಕೋಡ್‌ನಲ್ಲಿ ತನ್ನದೇ ಸಂಖ್ಯೆ ಇರುವ ಪ್ರತಿ ಅಕ್ಷರಕ್ಕೂ ಗುಣಿತ ಚಿಹ್ನೆಗೂ, 3 ಬೈಟ್. ತ, ಉಕಾರ, ಮ, ಕ, ಊಕಾರ, ರ, ಉಕಾರ: ಒಟ್ಟು 7 ಕೋಡ್‌ಪಾಯಿಂಟ್, 21 ಬೈಟ್. ಕಣ್ಣಿಗೆ ಕಾಣುವುದು ಮಾತ್ರ ನಾಲ್ಕೇ ಅಕ್ಷರ.

ಇದಕ್ಕೆ ಜನ ತಾವೇ ‘ಎಂಬಿ_ಸ್ಟ್ರ್_ಪ್ಯಾಡ್’ ಅಂತ ಹೆಸರಿಟ್ಟು ಫಂಕ್ಷನ್ ಬರೆದುಕೊಳ್ಳುತ್ತಿದ್ದರು. 2023ರ ಪಿಎಚ್‌ಪಿ 8.3ರಲ್ಲಿ ಅದೇ ಹೆಸರಿನದು ಭಾಷೆಯೊಳಗೇ ಬಂತು. ಹಳೆಯ ಕೋಡ್ ಹಾಗೇ ಉಳಿಸಿಕೊಂಡು ಆವೃತ್ತಿ ಏರಿಸಿದರೆ, ಫಂಕ್ಷನ್ ಮತ್ತೆ ಘೋಷಿಸಲಾಗದು ಎಂಬ ಫೇಟಲ್ ಎರರ್ ಬಂದು ನಿಂತುಬಿಡುತ್ತದೆ. ಹಾಗಾಗಿ ಟಿಪ್ಪಣಿಯ ಮೊದಲ ಸಾಲಿನಲ್ಲೇ ಆವೃತ್ತಿ ಹಾಕಿ. ನಿಮ್ಮ ಫಂಕ್ಷನ್ನಿಗೆ ಭಾಷೆ ಮುಂದೆ ಬಳಸಬಹುದಾದಂಥ ಹೆಸರು ಇಡಬೇಡಿ.

ಹೊಸದಾದರೂ ಕನ್ನಡಕ್ಕೆ ಪೂರ್ತಿ ಸಾಲದು. ಅದು ಕೋಡ್‌ಪಾಯಿಂಟ್ ಎಣಿಸುತ್ತದೆ. ‘ತುಮಕೂರು’ಗೆ ಬೇಕಾದ 16ರ ಬದಲು 13 ಜಾಗವನ್ನೇ ಸೇರಿಸುತ್ತದೆ. ಟಿಪ್ಪಣಿಗೆ ತಕ್ಕ ವಿಷಯ ಇದು: ಪುಟದಲ್ಲಿರುವುದು ತಪ್ಪಲ್ಲ, ನಮ್ಮಂಥ ಲಿಪಿಯವರಿಗೆ ಮಾತ್ರ ಎಡವುವ ಜಾಗ. ಪರಿಹಾರ: ಕಣ್ಣಿಗೆ ಕಾಣುವ ಅಕ್ಷರಗಳನ್ನು ಎಣಿಸುವ ‘ಗ್ರಾಫೀಮ್_ಸ್ಟ್ರ್‌ಲೆನ್’ ಕೊಟ್ಟ ಸಂಖ್ಯೆಯನ್ನು 20ರಿಂದ ಕಳೆದು, ಅಷ್ಟು ಖಾಲಿ ಜಾಗವನ್ನು ‘ಸ್ಟ್ರ್_ರಿಪೀಟ್’ನಿಂದ ಸೇರಿಸುವುದು. ಇದಕ್ಕೆ ಪಿಎಚ್‌ಪಿಗೆ ಸೇರಿಸಿಕೊಳ್ಳುವ ಇಂಟ್ಲ್ ಎಂಬ ಎಕ್ಸ್‌ಟೆನ್ಷನ್ ಬೇಕು. ಕಳೆದು ಉಳಿದದ್ದು ಸೊನ್ನೆಗಿಂತ ಕೆಳಗಿಳಿದರೆ ಪಿಎಚ್‌ಪಿ 8ರಲ್ಲಿ ವ್ಯಾಲ್ಯೂ ಎರರ್ ಬರುತ್ತದೆ, ಆದ್ದರಿಂದ ಸೊನ್ನೆಯೊಂದಿಗೆ ‘ಮ್ಯಾಕ್ಸ್’ ಹಾಕಿ. ಒತ್ತಕ್ಷರದ ಲೆಕ್ಕ ಇಂಟ್ಲ್ ಬಳಸುವ ಐಸಿಯು ಲೈಬ್ರರಿಯ ಆವೃತ್ತಿಯನ್ನು ಅವಲಂಬಿಸಬಹುದು. ‘ಕ್ಕ’ ಎರಡಾಗಿ ಎಣಿಸಿಕೊಂಡರೆ ಗಾಬರಿ ಬೇಡ, ಆದರೆ ಆ ಆವೃತ್ತಿಯನ್ನೂ ಬರೆಯಿರಿ. ಅಕ್ಷರದ ಅಗಲವೂ ಒಂದೇ ಸಮ ಇರುವುದಿಲ್ಲವಲ್ಲ, ಅದನ್ನು ಯಾವ ಎಣಿಕೆಯೂ ಸರಿಮಾಡದು. ಇದನ್ನು ಮುಚ್ಚಿಡದೆ ಹೇಳಿಬಿಡುವುದು ಒಳ್ಳೆಯದು.

ಟಿಪ್ಪಣಿಯ ಉದಾಹರಣೆಯಲ್ಲಿ ಕನ್ನಡ ಪದವನ್ನು ನೇರ ಅಂಟಿಸುವ ಬದಲು ಯೂನಿಕೋಡ್ ಎಸ್ಕೇಪ್ ಸಂಖ್ಯೆಗಳಲ್ಲಿ ಕೊಡಿ. ಪಿಎಚ್‌ಪಿ 7ರಿಂದ ಆ ಸೌಲಭ್ಯ ಇದೆ. ‘ರಾಜ್‌ಕುಮಾರ್’ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆ-ತಡೆ ಕೂತಿರುತ್ತದೆ, ಅದಕ್ಕೂ 3 ಬೈಟ್. ‘ಕೋ’ದ ಓಕಾರವೂ ಒಂದೇ ಕೋಡ್‌ಪಾಯಿಂಟಾಗಿ ಬರಬಹುದು, ಬಿಡಿಸಿದಾಗ ಮೂರಾಗಿಯೂ ಬರಬಹುದು, ಆಗ ‘ಕೋಲಾರ’ 15 ಬೈಟ್‌ನಿಂದ 21ಕ್ಕೆ ಜಿಗಿಯುತ್ತದೆ. ಅಂಟಿಸಿದ ಪದವನ್ನು ಓದುವವರಿಗೆ ಇದ್ಯಾವುದೂ ತೋರುವುದಿಲ್ಲ, ನಿಮ್ಮ ಉತ್ತರ ಅವರಲ್ಲಿ ಹೊಂದುವುದೂ ಇಲ್ಲ. ಕೋಡ್ ಹತ್ತು ಸಾಲು ಮೀರದಿರಲಿ. ಕೆಳಗೆ ಬಂದ ಔಟ್‌ಪುಟ್, ಒಂದು ಸಾಲಿನ ಕಾರಣ, ಅಷ್ಟೇ. ಪ್ರಶ್ನೆ, ದೋಷದ ದೂರು ಹಾಕಿದರೆ ತೆಗೆದುಹಾಕುತ್ತಾರೆ.

ಪುಟದಲ್ಲೇ ತಪ್ಪಿದ್ದರೆ ಟಿಪ್ಪಣಿ ಬೇಡ, ಮೂಲವನ್ನೇ ತಿದ್ದಿ. ಇಂಗ್ಲಿಷ್ ಕೈಪಿಡಿಯ ಮೂಲ ಗಿಟ್‌ಹಬ್‌ನಲ್ಲಿ ‘ಡಾಕ್-ಎನ್’ ಎಂಬ ಭಂಡಾರದಲ್ಲಿದೆ, ಡಾಕ್‌ಬುಕ್ ಎಕ್ಸ್‌ಎಂಎಲ್ ರೂಪದಲ್ಲಿ. ಫೋರ್ಕ್ ಮಾಡಿ, ಅಂದರೆ ನಿಮ್ಮದೇ ಪ್ರತಿ ಮಾಡಿಕೊಂಡು, ‘ಎನ್’ ಹೆಸರಿನ ಫೋಲ್ಡರಿಗೆ ಇಳಿಸಿಕೊಳ್ಳಿ, ಪಕ್ಕದಲ್ಲೇ ಕೈಪಿಡಿ ಕಟ್ಟುವ ಸಲಕರಣೆಗಳ ಭಂಡಾರವಾದ ‘ಡಾಕ್-ಬೇಸ್’ ಇರಲಿ. ತಿದ್ದಿದ ಮೇಲೆ ಅದರ ಕಾನ್ಫಿಗರ್ ಸ್ಕ್ರಿಪ್ಟ್ ಓಡಿಸಿದರೆ ಮುಚ್ಚದ ಟ್ಯಾಗ್, ಎಸ್ಕೇಪ್ ಮಾಡದ ಆಂಪರ್‌ಸ್ಯಾಂಡ್ ಅಲ್ಲೇ ಸಿಕ್ಕಿಬೀಳುತ್ತವೆ. ಹೊಸಬರ ತಿದ್ದುಪಡಿ ಇವೆರಡರಲ್ಲಿ ಎಡವಬಹುದು.

ಎಡಿಟರ್ ತಾನಾಗಿ ಸಾಲುಗಳ ಇಂಡೆಂಟ್ ಬದಲಿಸದಂತೆ ಮೊದಲೇ ನಿಲ್ಲಿಸಿ. ಬೇರೆ ಭಾಷೆಯ ಅನುವಾದದ ಪ್ರತಿ ಫೈಲಿನ ತಲೆಯಲ್ಲೂ ಅದು ಇಂಗ್ಲಿಷಿನ ಯಾವ ಕಮಿಟ್‌ಗೆ (ದಾಖಲಾದ ಬದಲಾವಣೆಗೆ) ಹೊಂದಿದೆ ಎಂಬ ಗುರುತು ಇರುತ್ತದೆ. ಖಾಲಿ ಜಾಗ ಸರಿದಾಡಿಸಿದರೂ ಆ ಫೈಲು ಹಳತಾಯಿತೆಂದು ಪಟ್ಟಿಗೆ ಸೇರಿ, ಅನುವಾದಕರು ಏನು ಬದಲಾಗಿದೆಯೆಂದು ವ್ಯರ್ಥ ಹುಡುಕುತ್ತಾರೆ. ಒಂದು ಪುಲ್ ರಿಕ್ವೆಸ್ಟಿಗೆ, ಅಂದರೆ ನಿಮ್ಮ ಬದಲಾವಣೆಯನ್ನು ಮೂಲಕ್ಕೆ ಸೇರಿಸಿಕೊಳ್ಳಿ ಎಂಬ ಕೋರಿಕೆಗೆ, ಒಂದೇ ತಿದ್ದುಪಡಿ. ವಿವರಣೆಯಲ್ಲಿ ಮೇಲಿನ 20, 13, 16ರಂಥ ಲೆಕ್ಕವನ್ನೂ ಓಡಿಸಿ ನೋಡಬಹುದಾದ ಕೋಡನ್ನೂ ಇಡಿ.