ಕೂರಿಗೆ ಬಟ್ಟಲಿಗೆ ನಾನು ಅಂಟಿಸಿದ್ದ ಚೀಟಿ

ತುಮಕೂರು ಕಡೆಯ ನಮ್ಮ ಕಾಲೇಜಿನ ವಸ್ತುಸಂಗ್ರಹಾಲಯ ಅಂದರೆ ಎರಡು ಕೋಣೆ, ಮೂರು ಬೀರು, ಒಂದಷ್ಟು ಹಳೇ ಸಾಮಾನು. ನೋಡಿಕೊಳ್ಳುವವನು ನಾನೊಬ್ಬನೇ, ಅದೂ ಇತಿಹಾಸದ ಪಾಠದ ಜೊತೆಗೆ. ಬೇರೆಯವರನ್ನು ಸೇರಿಸಿಕೊಳ್ಳೋಣ ಅಂದಾಗಲೆಲ್ಲ ನನ್ನ ತಲೆಗೆ ಬರುತ್ತಿದ್ದದ್ದು ದುಡ್ಡು. ಯಾರಾದರೂ ಗಾಜಿನ ಕಪಾಟು ಕೊಡಿಸಿಯಾರು ಅಂತ.

ಮೇ 18 ವಿಶ್ವ ವಸ್ತುಸಂಗ್ರಹಾಲಯ ದಿನ, 1977ರಿಂದ ನಡೆಯುತ್ತಿದೆ. ಒಂದು ವರ್ಷ ಭಾಷಣ ಬಿಟ್ಟು ಪಕ್ಕದ ಹಳ್ಳಿಯ ಮಹಿಳಾ ಸಂಘದವರನ್ನು ಕರೆದೆವು. ಕಾಫಿ, ಉಪ್ಪಿಟ್ಟು, ಅಷ್ಟೇ. ಒಬ್ಬರು ಅಜ್ಜಿ ಬೀರುವಿನ ಮುಂದೆ ನಿಂತು ನಗತೊಡಗಿದರು. ಒಳಗಿದ್ದದ್ದು ತಳದಲ್ಲಿ ತೂತುಗಳಿದ್ದ ಮರದ ಬಟ್ಟಲು. ‘ದೀಪದ ಕಂಬದ ಭಾಗ’ ಅಂತ ನಾನೇ ಚೀಟಿ ಅಂಟಿಸಿದ್ದೆ.

“ಯಾವ ದೀಪ ಮೇಷ್ಟ್ರೇ? ಇದು ಬೀಜ ಬಿತ್ತೋ ಕೂರಿಗೆಯ ಬಟ್ಟಲು!”

ಕೈಯಾಡಿಸಿ ತೋರಿಸಿದರು. ಎತ್ತು ಮುಂದೆ ಹೋಗುತ್ತಿರುತ್ತದೆ, ಹಿಂದೆ ನಡೆಯುತ್ತಾ ಹಿಡಿಯಿಂದ ರಾಗಿ ಬಿಡಬೇಕು. ಒಂದೊಂದು ತೂತಿನಿಂದ ಒಂದೊಂದು ಬಿದಿರ ಕೊಳವೆಗೆ ಇಳಿದು ಸಾಲಿಗೆ ಬೀಳುತ್ತದೆ. ಕೈ ಒಂದೇ ಸಮ ಆಡದಿದ್ದರೆ ಒಂದು ಸಾಲು ಜಾಸ್ತಿ, ಇನ್ನೊಂದು ತೆಳು. ಕೊಳವೆ ಕಟ್ಟಿಕೊಂಡರಂತೂ ಪೈರು ಏಳುವವರೆಗೆ ಗೊತ್ತೇ ಆಗುವುದಿಲ್ಲವಂತೆ. ರಾಮನಗರದ ಜಾನಪದ ಲೋಕ ನೋಡಿ ಬಂದವನು ನಾನು. ಅದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ವಸ್ತುಗಳ ಜೊತೆ ಜನರ ಹಾಡು, ಮಾತನ್ನೂ ಕೂಡಿಹಾಕಿದ್ದು ಗೊತ್ತಿತ್ತು. ಆದರೂ ನನ್ನ ರಿಜಿಸ್ಟರಿನಲ್ಲಿ ಇದ್ದದ್ದು ‘ಮರದ ವಸ್ತು, 1’.

ಆವತ್ತಿನಿಂದ ತಿಂಗಳಿಗೊಂದು ಶನಿವಾರ ಸಂಘದವರು ಬರುತ್ತಾರೆ. ಹುಡುಗರು ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಾರೆ. ಮೊದಲು ವಸ್ತುವಿನ ನಂಬರ್ ಹೇಳಿಯೇ ಶುರು ಮಾಡಬೇಕು, ಇಲ್ಲದಿದ್ದರೆ ಯಾವ ಮಾತು ಯಾವುದರದ್ದು ಅಂತ ಆಮೇಲೆ ತಲೆ ಕೆರೆದುಕೊಳ್ಳಬೇಕು. ಬಸ್ ಚಾರ್ಜು, ದಿನದ ಕೂಲಿ ಕೊಡುತ್ತೇವೆ. ಸುಮ್ನೆ ಬಿಟ್ಟಿ ಕರೆಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಒಮ್ಮೆ ತಾಳೆಗರಿ ಹಸ್ತಪ್ರತಿಯ ಕಟ್ಟೊಂದಕ್ಕೆ ವಾರ್ನಿಷ್ ಹಚ್ಚಲು ಹೊರಟಿದ್ದೆ! ತಡೆದವರು ಹಸ್ತಪ್ರತಿ ಕೆಲಸ ಬಲ್ಲವರು. ದೂಳು ತೆಗೆದು ನಿಂಬೆಹುಲ್ಲಿನ ಎಣ್ಣೆ ಸವರಿದರು. ಗರಿ ಮೆತ್ತಗಾಗುತ್ತದೆ, ಹುಳವೂ ದೂರ.

ಪೆಟ್ಟೂ ತಿಂದಿದ್ದೇನೆ. ಒಂದು ಪ್ರದರ್ಶನಕ್ಕೆ ಬಾಯಿಮಾತಿನಲ್ಲೇ ಸಾಮಾನು ಕೊಟ್ಟೆ. ಹಿತ್ತಾಳೆ ಗಿಂಡಿ ಮೂತಿ ಮುರಿದುಕೊಂಡು ವಾಪಸ್ ಬಂತು. “ಮೊದಲೇ ಹಾಗಿತ್ತಲ್ವಾ?” ಅಂದರು. ನನ್ನ ಹತ್ತಿರ ಒಂದು ಫೋಟೊ ಇಲ್ಲ, ಏನಂತ ವಾದಿಸಲಿ? ಈಗ ನಾಲ್ಕೂ ಕಡೆಯಿಂದ ಫೋಟೊ, ಇರುವ ಬಿರುಕಿನ ಪಟ್ಟಿ, ಸಾಗಣೆ ಖರ್ಚು ಯಾರದು, ವಾಪಸ್ ಯಾವತ್ತು, ಇಬ್ಬರ ಸಹಿ. ಆಮೇಲಷ್ಟೇ ಬೀರುವಿನ ಬೀಗ ತೆಗೆಯುವುದು.

ಗಾಜಿನ ಕಪಾಟು ಇನ್ನೂ ಬಂದಿಲ್ಲ. ಹೋದ ತಿಂಗಳು ಅಜ್ಜಿಯ ಮಗ ಅಟ್ಟದ ಮೇಲಿದ್ದ ಕೂರಿಗೆ ತಂದುಕೊಟ್ಟರು. ಬಿದಿರ ಕೊಳವೆ ಒಂದು ಕಮ್ಮಿ ಇದೆ, ಹುಡುಕುತ್ತಿದ್ದೇವೆ.