ಮ್ಯಾಜಿಕ್ ಕಿಂಗ್‌ಡಮ್‌ನ ಕ್ರಿಸ್‌ಮಸ್ ಪಾರ್ಟಿ: ಅತ್ತೆ, ಮಕ್ಕಳನ್ನು ಕರೆದುಕೊಂಡು ನಾವು ಹೋಗಿಬಂದದ್ದು

ಒರ್ಲ್ಯಾಂಡೊದ ಡಿಸ್ನಿ ವರ್ಲ್ಡ್‌ಗೆ ವಯಸ್ಸಾದವರನ್ನೂ ಚಿಕ್ಕ ಮಕ್ಕಳನ್ನೂ ಒಟ್ಟಿಗೆ ಕರೆದುಕೊಂಡು ಹೋಗಬಹುದಾ, ಅದೂ ರಾತ್ರಿ ಹನ್ನೆರಡರ ತನಕ, ಅಂತ ಕೇಳುವವರು ಜಾಸ್ತಿ. ಹೋಗಬಹುದು. ನಾವು ಹೋಗಿದ್ದೆವು, ಮಂಡಿನೋವಿರುವ ಅತ್ತೆ, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ನಾವಿಬ್ಬರು. ಆದರೆ ಹೋಗುವ ಮುಂಚೆಯೇ ಒಂದು ತೀರ್ಮಾನ ಮಾಡಿಕೊಂಡಿದ್ದೆವು: ಇದು ಕೂತು ನೋಡುವ ರಾತ್ರಿ, ಓಡಾಡಿ ರೈಡ್ ಹತ್ತುವ ರಾತ್ರಿ ಅಲ್ಲ. ಮಿಕ್ಕ ಪ್ಲಾನ್ ಎಲ್ಲಾ ಅದರಿಂದಲೇ ಹುಟ್ಟಿದ್ದು.

ಗೊತ್ತಿಲ್ಲದವರಿಗೆ ಮೊದಲು ವಿಷಯ ಹೇಳಿಬಿಡುತ್ತೇನೆ. ಇದರ ಹೆಸರು ಮಿಕ್ಕೀಸ್ ವೆರಿ ಮೆರಿ ಕ್ರಿಸ್‌ಮಸ್ ಪಾರ್ಟಿ. 1983ರಲ್ಲಿ ಶುರುವಾದದ್ದು. ನವೆಂಬರ್‌ನಿಂದ ಡಿಸೆಂಬರ್ ಮೂರನೇ ವಾರದ ತನಕ, ಆಯ್ದ ರಾತ್ರಿಗಳಲ್ಲಿ ಮಾತ್ರ, ಏಳರಿಂದ ಹನ್ನೆರಡು ಗಂಟೆವರೆಗೆ ಡಿಸ್ನಿ ವರ್ಲ್ಡ್‌ನ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿನೊಳಗೆ ನಡೆಯುತ್ತದೆ. ಹಗಲಿನ ಟಿಕೆಟ್ ಇದಕ್ಕೆ ನಡೆಯುವುದಿಲ್ಲ, ಬೇರೆಯೇ ಕೊಳ್ಳಬೇಕು. ಏಳು ಗಂಟೆಗೆ ಹಗಲಿನವರೆಲ್ಲ ಹೊರಡಬೇಕು, ಕೈಗೆ ಪಾರ್ಟಿ ಪಟ್ಟಿ ಕಟ್ಟಿಕೊಂಡವರು ಮಾತ್ರ ಉಳಿಯುತ್ತಾರೆ. 2024ರಲ್ಲಿ ದೊಡ್ಡವರ ಟಿಕೆಟ್ ದಿನಾಂಕಕ್ಕೆ ತಕ್ಕಂತೆ 169 ಡಾಲರ್‌ನಿಂದ 219 ಡಾಲರ್‌ವರೆಗೆ ಇತ್ತು, ಮೇಲೆ ತೆರಿಗೆ ಬೇರೆ. ಮೂರರಿಂದ ಒಂಬತ್ತು ವರ್ಷದ ಮಕ್ಕಳಿಗೆ ಸ್ವಲ್ಪ ಕಮ್ಮಿ, ಮೂರು ತುಂಬದ ಮಕ್ಕಳಿಗೆ ಟಿಕೆಟ್ ಬೇಡ. ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ತಾರೀಖುಗಳು ಅಗ್ಗ. ಕ್ರಿಸ್‌ಮಸ್ ಹತ್ತಿರ ಬಂದಷ್ಟೂ ದುಬಾರಿ, ಟಿಕೆಟ್ ಮುಗಿದೂ ಹೋಗುತ್ತದೆ.

ದುಡ್ಡು ಸಣ್ಣದಲ್ಲ, ನಿಜ. ಅದಕ್ಕೇ ಹೇಳುವುದು, ಅಷ್ಟು ಕೊಟ್ಟ ಮೇಲೆ ಬೇರೆ ಯಾವ ದಿನವಾದರೂ ಸಿಗುವ ರೈಡಿಗೆ ಸಾಲು ನಿಂತು ಆ ಐದು ಗಂಟೆ ಕಳೆಯಬೇಡಿ. ಆ ರಾತ್ರಿಗೇ ಅಂತ ಇರುವುದು ಪೆರೇಡ್, ಬಾಣಬಿರುಸು, ಪಾರ್ಕಿನ ನಡುವಿನ ಕೋಟೆ ಮುಂದೆ ಕುಣಿತದ ಶೋ, ಗೇಟಿನಿಂದ ಕೋಟೆಗೆ ಹೋಗುವ ಮೇನ್ ಸ್ಟ್ರೀಟ್ ಮೇಲೆ ಬೀಳುವ ಹಿಮ. ಇವಕ್ಕೆ ಮೊದಲ ಮಣೆ.

ನಾವಿರುವುದು ಅಟ್ಲಾಂಟಾ ಕಡೆ. ಅಲ್ಲಿಂದ ಕಾರಿನಲ್ಲಿ ಏಳು ಗಂಟೆ ದಾರಿ. ಹಿಂದಿನ ದಿನವೇ ಹೋಗಿ ಹೋಟೆಲ್ ಸೇರಿದೆವು. ಪಾರ್ಟಿ ದಿನ ಬೆಳಿಗ್ಗೆ ಇನ್ನೊಂದು ಪಾರ್ಕಿಗೆ ಹೋಗೋಣ ಅಂತ ಮಗಳು ಗೋಗರೆದಳು, ನಾನು ಒಪ್ಪಲಿಲ್ಲ. ಮಧ್ಯಾಹ್ನ ಊಟ ಮಾಡಿಸಿ, ಪರದೆ ಎಳೆದು, ಎಲ್ಲರನ್ನೂ ಮಲಗಿಸಿದೆ. ಮಗ ಚೆನ್ನಾಗಿ ನಿದ್ದೆ ಮಾಡಿದ. ಮಗಳು ನಿದ್ದೆ ಮಾಡದಿದ್ದರೂ ಕಾಲು ಚಾಚಿ ಮಲಗಿದ್ದಳು, ಅಷ್ಟು ಸಾಕು. ರಾತ್ರಿ ಹನ್ನೊಂದಕ್ಕೆ ಮಗು ಅಳದೆ ನಗುತ್ತಾ ಇರಬೇಕು ಅಂದರೆ ಅದಕ್ಕೆ ಮಧ್ಯಾಹ್ನ ಎರಡಕ್ಕೇ ತಯಾರಿ ಆಗಬೇಕು.

ಇನ್ನು ಬಟ್ಟೆ. ಫ್ಲೋರಿಡಾ ಅಂದರೆ ಸೆಕೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಡಿಸೆಂಬರ್‌ನಲ್ಲಿ ಹಗಲು 22, 23 ಡಿಗ್ರಿ ಇರುತ್ತೆ, ರಾತ್ರಿ 11, 12ಕ್ಕೆ ಇಳಿಯುತ್ತೆ, ಕೆಲವು ದಿನ ಅದಕ್ಕಿಂತ ಕೆಳಗೂ ಹೋಗುತ್ತೆ. ನಡೆಯುವಾಗ ಗೊತ್ತಾಗಲ್ಲ, ಒಂದೇ ಕಡೆ ಕೂತಾಗ ಚಳಿ ಹಿಡಿಯುತ್ತದೆ. ಅತ್ತೆಗೆ ಸೀರೆ ಮೇಲೆ ಸ್ವೆಟರ್, ಸ್ಕಾರ್ಫ್, ಕಾಲಿಗೆ ಸಾಕ್ಸ್ ಮತ್ತು ಶೂ. "ಸೀರೆಗೆ ಶೂ ಹಾಕಿದರೆ ನೋಡಿದವರು ಏನಂತಾರೆ?" ಅಂದರು. "ಅಲ್ಲಿ ಜನ ತಲೆ ಮೇಲೆ ಜಿಂಕೆ ಕೋಡು ಇಟ್ಟುಕೊಂಡು ಓಡಾಡ್ತಿರ್ತಾರೆ ಅತ್ತೆ, ನಿಮ್ಮ ಶೂ ಯಾರು ನೋಡ್ತಾರೆ" ಅಂದೆ. ಒಪ್ಪಿಕೊಂಡರು.

ಪಾರ್ಟಿ ಟಿಕೆಟ್ ಇದ್ದವರನ್ನು ಸಂಜೆ ನಾಲ್ಕರಿಂದಲೇ ಒಳಗೆ ಬಿಡುತ್ತಾರೆ. ಇದು ತುಂಬಾ ಮುಖ್ಯ. ಏಳಕ್ಕೆ ಅಂತ ಟಿಕೆಟ್ ಮೇಲೆ ಇದೆಯಲ್ಲ ಅಂತ ಏಳಕ್ಕೆ ಹೋದರೆ ಮೂರು ಗಂಟೆ ಹೋಯಿತು. ಕಾರು ನಿಲ್ಲಿಸುವ ಜಾಗದಿಂದ ಪಾರ್ಕ್ ದೂರ ಇದೆ, ನಡುವೆ ದೊಡ್ಡ ಕೆರೆ. ಮಾನೊರೈಲ್‌ನಲ್ಲೂ ಹೋಗಬಹುದು, ಫೆರಿಯಲ್ಲೂ ಹೋಗಬಹುದು. ನಾವು ಫೆರಿ ಹತ್ತಿದೆವು. ಅತ್ತೆ ಕಂಬಿ ಹಿಡಿದು ನಿಂತರು, ನೀರಿನ ಆಚೆ ದಡದಲ್ಲಿ ಕೋಟೆಯ ತುದಿ ಕಾಣಿಸಿತು. ಒಳಗೆ ಹೋದ ತಕ್ಷಣ ಮಾಡಿದ ಮೊದಲ ಕೆಲಸ ವೀಲ್‌ಚೇರ್ ಬಾಡಿಗೆಗೆ ತೆಗೆದುಕೊಂಡದ್ದು, ದಿನಕ್ಕೆ 12 ಡಾಲರ್. ಅತ್ತೆಗೆ ಮೊದಲು ಸಂಕೋಚ, "ನಾನೇನು ಕಾಯಿಲೆಯವಳಾ" ಅಂದರು. ನಡೆಯುವಷ್ಟು ನಡೆಯಿರಿ, ಸುಸ್ತಾದಾಗ ಕೂತುಕೊಳ್ಳಿ, ಅಲ್ಲಿವರೆಗೆ ಮೊಮ್ಮಗ ಕೂರಲಿ ಅಂತ ಇವರು ಹೇಳಿದ ಮೇಲೆ ಸರಿ ಅಂದರು. ಒಂದು ಗಂಟೆಯಲ್ಲಿ ಅವರೇ ಕೂತರು, ತೊಡೆ ಮೇಲೆ ಮೊಮ್ಮಗ. ಊರಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದಾಗ ಈ ಸಂಕೋಚವನ್ನು ಮೆಲ್ಲಗೆ ಮಾತಾಡಿ ಬಿಡಿಸಿ. ಬೆಳಿಗ್ಗೆ ವಾಕಿಂಗ್ ಹೋಗುವವರಿಗೂ ಅಲ್ಲಿಯ ನಡಿಗೆ ಭಾರವೇ.

ನಾಲ್ಕರಿಂದ ಏಳರೊಳಗೆ ಹೊಟ್ಟೆ ವಿಷಯ ಮುಗಿಸಿಕೊಂಡೆವು. ಹೊರಗಿನ ಊಟ ಒಳಗೆ ತರಬಹುದು, ಗಾಜಿನ ಪಾತ್ರೆ ಮತ್ತು ಮದ್ಯ ಇರಬಾರದು ಅಷ್ಟೇ. ನಾನು ಚಪಾತಿಗೆ ಆಲೂಗಡ್ಡೆ ಪಲ್ಯ ಸುತ್ತಿ ಫಾಯಿಲ್‌ನಲ್ಲಿ ಕಟ್ಟಿಕೊಂಡು ಹೋಗಿದ್ದೆ. ಬ್ಯಾಗ್ ನೋಡುವವರು ಏನೂ ಅನ್ನಲಿಲ್ಲ. ಮಕ್ಕಳಿಗೆ ಒಳಗೇ ಚೀಸ್ ಪಿಜ್ಜಾ ಕೊಡಿಸಿದೆವು. ಪಾರ್ಟಿಯಲ್ಲಿ ಕುಕ್ಕಿ, ಹಾಟ್ ಚಾಕೊಲೇಟ್ ಪುಕ್ಕಟೆ, ಪಾರ್ಕಿನ ಬೇರೆ ಬೇರೆ ಮೂಲೆಯಲ್ಲಿ ಹಂಚುತ್ತಾರೆ, ಎಷ್ಟು ಸಲ ಬೇಕಾದರೂ ಹೋಗಬಹುದು. ಮೊಟ್ಟೆ ತಿನ್ನದವರು ಸುಮ್ನೆ ಕೈ ಚಾಚಬೇಡಿ, ಅದರಲ್ಲಿ ಏನೇನು ಹಾಕಿದ್ದಾರೆ ಅಂತ ಕೇಳಿ, ತೋರಿಸುತ್ತಾರೆ. ಅಲರ್ಜಿ ಇರುವವರಿಗೆ ಬೇರೆ ತಿಂಡಿ ಕೊಡುವ ಜಾಗವೂ ಇದೆ. ಅತ್ತೆ ಕುಕ್ಕಿ ಮುಟ್ಟಲಿಲ್ಲ, ಬಿಸಿ ಬಿಸಿ ಚಾಕೊಲೇಟ್ ಮಾತ್ರ ಎರಡು ಕಪ್ ಕುಡಿದರು.

ಕತ್ತಲಾದ ಮೇಲೆ ಮೇನ್ ಸ್ಟ್ರೀಟ್‌ನಲ್ಲಿ ಹಿಮ ಬೀಳಲು ಶುರುವಾಯಿತು. ನಿಜವಾದ ಹಿಮ ಅಲ್ಲ, ಅದು ಸೋಪಿನ ನೊರೆ, ಕಟ್ಟಡಗಳ ಮೇಲಿನಿಂದ ಮಷೀನ್ ಊದುತ್ತದೆ. ಗೊತ್ತಿದ್ದೂ ತಲೆ ಎತ್ತಿ ನೋಡದೆ ಇರಲು ಆಗುವುದಿಲ್ಲ. ಹಳೇ ಕಾಲದ ಅಂಗಡಿ ಸಾಲು, ಪ್ರತಿ ಕಿಟಕಿಗೂ ಹಸಿರು ತೋರಣ, ಕೆಂಪು ರಿಬ್ಬನ್, ದೀಪ, ನಡುವೆ ಬಿಳಿ ನೊರೆ ತೇಲುತ್ತಾ ಬರುತ್ತದೆ. ಅತ್ತೆಯ ಕಂದು ಸ್ವೆಟರಿನ ತೋಳಿನ ಮೇಲೆ ಒಂದು ತುಣುಕು ಕೂತಿತು. ಹತ್ತಿರದಿಂದ ನೋಡಿದರೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು, ದೀಪದ ಬಣ್ಣ ಅದರೊಳಗೆ ಕಾಣಿಸುತ್ತಿತ್ತು, ಒಂದೊಂದಾಗಿ ಒಡೆದು ಉಣ್ಣೆ ಮೇಲೆ ಸಣ್ಣ ಒದ್ದೆ ಮಾತ್ರ ಉಳಿಯಿತು. ಮಗ ಬಾಯಿ ತೆರೆದು ಹಿಡಿಯಲು ಹೋದ, ತಡೆದೆ. ಸೋಪು ಅಲ್ವಾ, ಚಿಕ್ಕ ಮಕ್ಕಳ ಮೇಲೆ ಒಂದು ಕಣ್ಣಿರಲಿ.

ಪೆರೇಡ್ ರಾತ್ರಿಗೆ ಎರಡು ಸಲ: ಎಂಟೂವರೆಗೆ ಒಂದು, ಹನ್ನೊಂದಕ್ಕೆ ಇನ್ನೊಂದು. ಎರಡೂ ಒಂದೇ, ಏನೂ ವ್ಯತ್ಯಾಸ ಇಲ್ಲ. ಚಿಕ್ಕ ಮಕ್ಕಳಿರುವವರೆಲ್ಲ ಮೊದಲನೆಯದಕ್ಕೇ ಮುಗಿಬೀಳುತ್ತಾರೆ, ಒಳ್ಳೆಯ ಜಾಗ ಬೇಕೆಂದರೆ ಒಂದು ಗಂಟೆ ಮುಂಚೆಯೇ ಫುಟ್‌ಪಾತ್ ಹಿಡಿಯಬೇಕು. ನಾವು ಎರಡನೆಯದು ಅಂತ ಮೊದಲೇ ನಿಶ್ಚಯಿಸಿದ್ದೆವು. ಹಾಗಾಗಿ ಮೊದಲ ಪೆರೇಡ್ ನಡೆಯುವಾಗ ಇವರು ಮಗಳನ್ನು ಕರೆದುಕೊಂಡು ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್, ಸ್ಪೇಸ್ ಮೌಂಟನ್ ಅನ್ನುವ ರೈಡ್‌ಗಳ ಕಡೆ ಹೋದರು. ಜನ ಎಲ್ಲಾ ಪೆರೇಡ್ ನೋಡಲು ನಿಂತಿರುವಾಗ ರೈಡ್‌ಗಳ ಸಾಲು ಕರಗುತ್ತದೆ, ಬಾಣಬಿರುಸಿನ ಹೊತ್ತಿನಲ್ಲೂ ಹಾಗೇ. ಪಾರ್ಟಿ ಹೊತ್ತಿನಲ್ಲಿ ದುಡ್ಡು ಕೊಟ್ಟು ಬೇಗ ಹೋಗುವ ಲೈಟ್ನಿಂಗ್ ಲೇನ್ ಇರುವುದಿಲ್ಲ, ಎಲ್ಲರೂ ಒಂದೇ ಸಾಲು. ಅದರಿಂದ ಈ ಹೊತ್ತು ನೋಡಿ ಹೋಗುವುದೇ ಉಪಾಯ. ಎತ್ತರದ ನಿಯಮ ಮರೆಯಬೇಡಿ, ಮೈನ್ ಟ್ರೇನ್‌ಗೆ 38 ಇಂಚು, ಸ್ಪೇಸ್ ಮೌಂಟನ್‌ಗೆ 44 ಇಂಚು. ಆ ರಾತ್ರಿ ಸ್ಪೇಸ್ ಮೌಂಟನ್ ಒಳಗೆ ಹಬ್ಬದ ಹಾಡು ಹಾಕುತ್ತಾರೆ, ಮಗಳು ವಾಪಸ್ ಬಂದು ಅದನ್ನೇ ಹೇಳಿದ್ದು ಹೇಳಿದ್ದು.

ನಾನು, ಅತ್ತೆ, ಮಗ ಅಷ್ಟು ಹೊತ್ತು ಕೋಟೆ ಮುಂದಿನ ಶೋ ನೋಡಿದೆವು. ವೇಷ ಹಾಕಿದವರ ಜೊತೆ ಫೋಟೋ ತೆಗೆಸುವ ಸಾಲು ಮಾತ್ರ ಪೂರ್ತಿ ಬಿಟ್ಟೆವು. ಸ್ನೋ ವೈಟ್ ಕಥೆಯ ಏಳು ಜನ ಕುಳ್ಳರೂ ಒಟ್ಟಿಗೆ ನಿಂತು ಫೋಟೋ ಕೊಡುವುದಕ್ಕೆ ಸಂಜೆ ಆರಕ್ಕಿಂತ ಮುಂಚೆಯೇ ಜನ ಸೇರಿರುತ್ತಾರೆ. ಅದೇ ಬೇಕು ಅನ್ನುವವರು ಮೊದಲು ಅಲ್ಲಿಗೇ ಹೋಗಿ ನಿಂತುಬಿಡಿ, ನಡುವೆ ನೋಡೋಣ ಅಂದರೆ ಆಗುವುದಿಲ್ಲ.

ಒಂಬತ್ತೂವರೆಗೆ ಎಲ್ಲರೂ ಟೌನ್ ಸ್ಕ್ವೇರ್‌ನಲ್ಲಿ ಸೇರಿದೆವು. ಗೇಟಿನಿಂದ ಒಳಗೆ ಬಂದ ಕೂಡಲೇ ಸಿಗುವ ಚೌಕ ಅದು. ಬಾಣಬಿರುಸು ನೋಡಲು ಹೆಚ್ಚಿನವರು ಕೋಟೆ ಬುಡಕ್ಕೇ ಹೋಗುತ್ತಾರೆ, ಅಲ್ಲಿ ಉಸಿರಾಡಲೂ ಜಾಗ ಇರಲ್ಲ, ವೀಲ್‌ಚೇರ್‌ನಲ್ಲಿ ಕೂತವರಿಗೆ ಮುಂದಿನವರ ಬೆನ್ನು ಮಾತ್ರ ಕಾಣುತ್ತದೆ. ಇಲ್ಲಿಂದ ಕೋಟೆ ಚಿಕ್ಕದಾಗಿ ಕಂಡರೂ ಇಡೀ ರಸ್ತೆ, ಅದರ ಕೊನೆಗೆ ಕೋಟೆ, ಅದರ ಮೇಲೆ ಬಾಣಬಿರುಸು, ಎಲ್ಲಾ ಒಂದೇ ನೋಟಕ್ಕೆ ಸಿಗುತ್ತದೆ. ಕೆಲಸದವರನ್ನು ಕೇಳಿದೆವು, ವೀಲ್‌ಚೇರ್‌ನವರು ಪೆರೇಡ್ ನೋಡಲು ಮೀಸಲಿಟ್ಟ ಜಾಗ ತೋರಿಸಿದರು. ಮೊದಲು ಬಂದವರಿಗೆ ಮೊದಲು ಅಲ್ಲಿ. ಹತ್ತಕ್ಕೆ ಬಾಣಬಿರುಸು. ಮಗನಿಗೆ ಪಟಾಕಿ ಸದ್ದು ಅಂದರೆ ಭಯ, ಕಿವಿಗೆ ಹಾಕುವ ಸದ್ದು ತಡೆಯುವ ಹೆಡ್‌ಫೋನ್ ತಂದಿದ್ದೆ. ಅದನ್ನು ಹಾಕಿಕೊಂಡು ಅಜ್ಜಿಯ ಸೆರಗಿನೊಳಗೆ ಮುಖ ಮುಚ್ಚಿಕೊಂಡ, ಆಮೇಲೆ ಒಂದು ಕಣ್ಣು ಹೊರಗೆ ಬಂತು, ಕೊನೆಗೆ ಎದ್ದು ನಿಂತು ಚಪ್ಪಾಳೆ.

ಆಮೇಲೆ ಅಲ್ಲೇ ಕೂತೆವು. ಇದೇ ಆ ಜಾಗದ ಗುಟ್ಟು, ಒಂದೇ ಕಡೆ ಕೂತು ಎರಡೂ ನೋಡಬಹುದು. ಶೌಚಾಲಯ ಹತ್ತಿರ, ಬಿಸಿ ಕುಡಿಯಲು ಹತ್ತಿರ, ಹೊರಗೆ ಹೋಗುವ ದಾರಿಯೂ ಅಲ್ಲೇ. ಹನ್ನೊಂದರ ಪೆರೇಡ್ ಪಾರ್ಕಿನ ಆ ಕೊನೆ ಫ್ರಾಂಟಿಯರ್‌ಲ್ಯಾಂಡ್‌ನಲ್ಲಿ ಹೊರಟು ಇಲ್ಲಿಗೆ ಬರುವಷ್ಟರಲ್ಲಿ ಹದಿನೈದು ಇಪ್ಪತ್ತು ನಿಮಿಷ ಆಗುತ್ತದೆ. ಆ ಹೊತ್ತಿಗೆ ಜನ ಕರಗಿದ್ದರು, ನಮ್ಮ ಮುಂದೆ ಹಗ್ಗ ಬಿಟ್ಟರೆ ಯಾರೂ ಇಲ್ಲ.

ಮರದ ಗೊಂಬೆ ಸಿಪಾಯಿಗಳು ಬಂದಾಗ ಮಕ್ಕಳಿಬ್ಬರೂ ಉಸಿರು ಬಿಗಿಹಿಡಿದರು. ಕೆನ್ನೆಗೆ ದುಂಡನೆಯ ಕೆಂಪು ಬಣ್ಣ, ಮಂಡಿ ಬಗ್ಗಿಸದೆ ನೇರ ಕಾಲು ಎತ್ತಿ ಇಡುವ ನಡಿಗೆ, ಎಲ್ಲರ ಕಾಲೂ ಒಂದೇ ಸಲ ನೆಲ ಮುಟ್ಟುತ್ತದೆ. ಪೆರೇಡ್‌ನಲ್ಲಿ ಜಿಂಜರ್‌ಬ್ರೆಡ್ (ಶುಂಠಿ ಬಿಸ್ಕತ್ತು) ಗೊಂಬೆಗಳ ಕುಣಿತ, ಮಿಕ್ಕಿಯ ಗೆಳೆಯ ಗೂಫಿ, ರಾಜಕುಮಾರಿಯರು, ಹಿಮಸಾರಂಗದ ವೇಷದವರು, ಎಲ್ಲರಿಗಿಂತ ಕೊನೆಗೆ ತೇರಿನ ಮೇಲೆ ಸಾಂಟಾ. ಅತ್ತೆ ನೋಡುತ್ತಿದ್ದದ್ದು ಮಾತ್ರ ಕುಣಿಯುವವರ ಕಾಲನ್ನು. "ಎಂಟೂವರೆಗೂ ಇವರೇನಾ ಕುಣಿದದ್ದು? ಮತ್ತೆ ಈಗಲೂ ಇಷ್ಟು ಹಾರ್ತಾರಲ್ಲೇ, ಆ ಮಕ್ಕಳ ಮಂಡಿ ಹೇಗೆ ತಡೆಯುತ್ತೋ" ಅಂದರು. ಹತ್ತಿರ ಬಂದ ಪ್ರತಿಯೊಬ್ಬರಿಗೂ ಕೈ ಮುಗಿದರು. ಹಿಮಸಾರಂಗದ ವೇಷದ ಹುಡುಗಿಯೊಬ್ಬಳು ಅವರನ್ನು ನೋಡಿ ಎರಡೂ ಕೈ ಜೋಡಿಸಿ ತಲೆ ಬಗ್ಗಿಸಿ ಮುಂದೆ ಹೋದಳು. ನನಗೆ ಆ ರಾತ್ರಿಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದು. ಟಿಕೆಟ್ ದುಡ್ಡಿನ ಲೆಕ್ಕ ಅಲ್ಲಿಗೇ ಬಿಟ್ಟೆ.

ಪೆರೇಡ್ ಮುಗಿದದ್ದೇ ವೀಲ್‌ಚೇರ್ ವಾಪಸ್ ಕೊಟ್ಟು ಹೊರಟೆವು. ಹನ್ನೆರಡಾಗುವ ತನಕ ಇದ್ದರೆ ಮಾನೊರೈಲ್ ಮುಂದೆ ದೊಡ್ಡ ಸಾಲು. ಹನ್ನೆರಡರೊಳಗೆ ರೈಡ್ ಸಾಲಿನಲ್ಲಿ ಸೇರಿಕೊಂಡವರನ್ನು ರೈಡಿಗೆ ಬಿಡುತ್ತಾರೆ, ದೊಡ್ಡ ಮಕ್ಕಳಿರುವವರಿಗೆ ಅದು ಒಳ್ಳೆಯದು. ನಮಗೆ ಬೇಡವಾಗಿತ್ತು. ಮಾರನೆಯ ದಿನ ಯಾವ ಪಾರ್ಕೂ ಇಟ್ಟುಕೊಂಡಿರಲಿಲ್ಲ, ಹತ್ತು ಗಂಟೆ ತನಕ ಎಲ್ಲರೂ ಮಲಗಿದ್ದೆವು. ನೀವೂ ಹಾಗೇ ಮಾಡಿ.

ರಜೆ ಸಿಗುವುದೇ ಕ್ರಿಸ್‌ಮಸ್ ವಾರದಲ್ಲಿ ಅನ್ನುವವರಿಗೆ ಒಂದು ಮಾತು. ಆ ವಾರ ಪಾರ್ಟಿ ಇರುವುದಿಲ್ಲ, ಆದರೆ ಇದೇ ಪೆರೇಡ್, ಇದೇ ಬಾಣಬಿರುಸು ಹಗಲಿನ ಮಾಮೂಲಿ ಟಿಕೆಟ್‌ನವರಿಗೂ ಸಿಗುತ್ತದೆ. ಜನ ಮಾತ್ರ ವಿಪರೀತ, ಇಡೀ ವರ್ಷದಲ್ಲಿ ಪಾರ್ಕ್ ತುಂಬಿ ತುಳುಕುವ ವಾರ ಅದು. ಮನೆಯಲ್ಲಿ ಎಲ್ಲರ ಕಾಲೂ ಗಟ್ಟಿ ಇದ್ದರೆ ಅದನ್ನೇ ನೋಡಿ, ದುಡ್ಡು ಉಳಿಯುತ್ತದೆ. ವಯಸ್ಸಾದವರಿದ್ದರೆ ಸ್ಕೂಲಿಗೆ ಎರಡು ದಿನ ರಜೆ ಹಾಕಿಸಿ, ಡಿಸೆಂಬರ್ ಮೊದಲ ವಾರದಲ್ಲೇ ಒಂದು ಪಾರ್ಟಿ ರಾತ್ರಿ ಹಿಡಿಯಿರಿ.